ಕಪ್ಪುಹಲಗೆಯ ಮೇಲೆ ಕೂತಿರುವ ಕೆಂಪು ಗೆರೆಗೆ

ಸದಾ ಮೇಲ್ಮುಖರೂ, ನಲವತ್ತು ವರ್ಷಗಳಲ್ಲಿ ಒಮ್ಮೆಯೂ ಕಾಲು ಜಾರದವರೂ, ಮುಂಗೈ ದಪ್ಪದ ಕೆಂಪು ಮೈಯವರೂ ಆದ, ‘ಶಿಕ್ಷಣಕ್ಕೆ ಸರ್ಕಾರದ ವೆಚ್ಚ: ನಾಲ್ಕು ದಶಕಗಳ ಏರುಹಾದಿ’ ಎಂಬ ಫಲಕದ ಮುಖ್ಯ ಗೆರೆಯವರ ಸನ್ನಿಧಾನಕ್ಕೆ, ತಮ್ಮ ಎದುರು ಮೂರು ತಿಂಗಳು ನಿಂತು ಗಂಟಲು ಹರಿದುಕೊಂಡ ಏಳನೇ ತರಗತಿಯ ಗಣಿತದ ಟೀಚರು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳಬೇಕಾಗಿಲ್ಲ, ಕಣ್ಣಿಗೇ ಕಾಣುತ್ತಿದೆ. ನಮ್ಮ ಕ್ಷೇಮ ವಿಚಾರಿಸುವ ಅಭ್ಯಾಸ ತಮಗಿಲ್ಲವಾದ್ದರಿಂದ ನಾನೇ ಹೇಳಿಬಿಡುತ್ತೇನೆ: ವಾರ್ಷಿಕ ಪರೀಕ್ಷೆಗೆ ಇನ್ನು ಇಪ್ಪತ್ತು ದಿನ, ತರಗತಿಯಲ್ಲಿ ನಲವತ್ತಮೂರು ಮಕ್ಕಳು, ಮತ್ತು ನಮ್ಮ ಕಪ್ಪುಹಲಗೆಯ ಮೇಲೆ ತಾವು ಕೂತಿದ್ದೀರಿ.

ಇದರಲ್ಲಿ ತಮ್ಮ ತಪ್ಪೇನೂ ಇಲ್ಲವೆಂದು ಬಲ್ಲೆ. ಎಂಟಡಿ ಅಗಲದ ಫಲಕವನ್ನು ಎಲ್ಲ ಮಕ್ಕಳಿಗೂ ಸ್ಪಷ್ಟವಾಗಿ ಕಾಣುವ ಜಾಗದಲ್ಲಿ ಹಾಕಬೇಕೆಂದು ಸುತ್ತೋಲೆ ಬಂತು. ಸುತ್ತೋಲೆ ಕಂಡರೆ ಕುರ್ಚಿ ಬಿಟ್ಟೆದ್ದು ನಿಂತೇ ಓದುವ ನಮ್ಮ ಹೆಡ್‌ಮಾಸ್ಟರು ಶಾಲೆಯನ್ನೆಲ್ಲ ಸುತ್ತಿ, ಎಲ್ಲ ಮಕ್ಕಳಿಗೂ ಸ್ಪಷ್ಟವಾಗಿ ಕಾಣುವ ಜಾಗ ಕಪ್ಪುಹಲಗೆಯೊಂದೇ ಎಂಬ ಸತ್ಯ ಕಂಡುಹಿಡಿದರು. ಅಟೆಂಡರು ಅದರ ಎದೆಗೇ ಹನ್ನೆರಡು ಮೊಳೆ ಹೊಡೆದರು. ಅನುಮತಿಯಿಲ್ಲದೆ ತೆಗೆದರೆ ಸರ್ಕಾರಿ ಆಸ್ತಿಗೆ ಹಾನಿ ಮಾಡಿದಂತೆ ಎಂದು ಸುತ್ತೋಲೆಯ ಕೊನೆಯ ಸಾಲಿನಲ್ಲಿತ್ತು. ತಮ್ಮನ್ನು ಬರೆಸಿ, ಚೌಕಟ್ಟು ಹಾಕಿಸಿ, ಲಾರಿಯಲ್ಲಿ ಕಳಿಸಿದ ಖರ್ಚೂ ಶಿಕ್ಷಣದ ಖರ್ಚಿಗೇ ಸೇರಿ, ಅಷ್ಟರಮಟ್ಟಿಗೆ ತಾವು ಇನ್ನೂ ಏರಿದ್ದೀರೆಂದು ಕೇಳಿ ಸಂತೋಷವಾಯಿತು. ಸ್ವಂತ ಭಾವಚಿತ್ರ ಬರೆಸಿಕೊಂಡು ಎತ್ತರವಾಗುವ ಭಾಗ್ಯ ಎಷ್ಟು ಜನಕ್ಕುಂಟು, ಹೇಳಿ.

ಅಂದಿನಿಂದ ನಾನು ಲೆಕ್ಕಗಳನ್ನು ಬಾಗಿಲ ಮೇಲೆ ಬರೆಯತೊಡಗಿದೆ. ಬಾಗಿಲು ಒಳಕ್ಕೆ ತೆರೆಯುವಂಥದ್ದು. ಯಾರಾದರೂ ಬಂದರೆ ಭಾಗಾಕಾರ ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿತ್ತು. ತಮ್ಮ ಮೇಲೆ ಧೂಳು ಕೂತಿದೆಯೇ ಎಂದು ನೋಡಲು ಹೆಡ್‌ಮಾಸ್ಟರು ಒಂದೇ ಪೀರಿಯಡ್ಡಿನಲ್ಲಿ ನಾಲ್ಕು ಸಲ ಬಂದ ದಿನ, ಅವರ ಕೋಟಿನ ತೋಳು ಕೊನೆಯ ಸಾಲನ್ನು ಒರೆಸಿಕೊಂಡು ಹೋಗಿ, ಶೇಷ ಎಷ್ಟೆಂಬುದು ಇಡೀ ತರಗತಿಗೆ ಇವತ್ತಿನವರೆಗೂ ತಿಳಿದಿಲ್ಲ.

ತಮ್ಮ ಏರಿಕೆಯನ್ನು ಮನೆಯಲ್ಲಿ ಹೊಗಳಿದ್ದು ನನ್ನದೇ ತಪ್ಪು. ನಮ್ಮ ಯಜಮಾನರು ದರ್ಜಿ. ಬಾಯಲ್ಲಿದ್ದ ಗುಂಡುಸೂಜಿ ತೆಗೆದು, “ಅಂಗಿ ದೊಡ್ಡದಾಯ್ತು ಅಂತ ಕುಣೀಬೇಡ ಕಣೇ, ಒಳಗಿರೋ ಹುಡುಗ ಎಷ್ಟು ಬೆಳೆದಿದ್ದಾನೆ ಅಂತ ಮೊದಲು ಅಳತೆ ತಗೋ” ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಗಣಿತದ ಟೀಚರಾಗಿ ಸುಮ್ಮನಿರಲಾದೀತೇ? ಮರುದಿನವೇ ಮಕ್ಕಳನ್ನು ಕಟ್ಟಿಕೊಂಡು ಸ್ಟೋರ್‌ರೂಮಿನ ಹಳೇ ಪುಸ್ತಕಗಳಲ್ಲಿ ಚಾಕ್‌ಪೀಸ್ ಡಬ್ಬಿಯ ವರ್ಷವಾರು ಬೆಲೆ ಹುಡುಕಿ, ತಾವು ತೋರಿಸುವ ಹಣಕ್ಕೆ ಒಂದು ಮಗುವಿನ ಪಾಲಿಗೆ ಎಷ್ಟು ಡಬ್ಬಿ ಬರುತ್ತದೆಂದು ಲೆಕ್ಕ ಹಾಕಿ, ಬಾಗಿಲ ಮೇಲೆ ಇನ್ನೊಂದು ಗೆರೆ ಎಳೆದೆವು. ಅದು ಚಿಲಕದ ಎತ್ತರದಲ್ಲಿ ಹೊರಟು, ನಲವತ್ತು ವರ್ಷ ನಡೆದು, ಚಿಲಕದ ಎತ್ತರದಲ್ಲೇ ನಿಂತಿತು.

ಆಗಲೇ ತಮ್ಮ ಕಾಲಬುಡದಲ್ಲಿ ದಾರದಂಥ ನೀಲಿ ಗೆರೆಯೊಂದು ನಮ್ಮ ಕಣ್ಣಿಗೆ ಬಿದ್ದದ್ದು. ದೇಶದ ಒಟ್ಟು ಆದಾಯದಲ್ಲಿ ಶಿಕ್ಷಣದ ಪಾಲು ಎಂದು ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿದೆ. ಊಟ ಮುಗಿಸಿದ ನಮ್ಮ ಮಾವನವರ ಹಾಗೆ ಮಲಗಿದವಳು ನಲವತ್ತು ವರ್ಷದಲ್ಲಿ ಮಗ್ಗುಲೂ ಬದಲಿಸಿಲ್ಲ. ಒಡಹುಟ್ಟಿದ ತಂಗಿಯನ್ನು ನೆಲದ ಮೇಲೆ ಬಿಟ್ಟು ತಾವೊಬ್ಬರೇ ಏಣಿ ಹತ್ತಿದ್ದು ಅಣ್ಣನಾದವರಿಗೆ ಒಪ್ಪುವ ಮಾತೇ ಎಂದು ಕೇಳುವಷ್ಟು ದೊಡ್ಡವಳು ನಾನಲ್ಲ.

ಕಳೆದ ವಾರ ತಮ್ಮ ದರ್ಶನಕ್ಕೆ ಇಲಾಖೆಯ ಮೇಲಧಿಕಾರಿಯೊಬ್ಬರು ಬಂದಿದ್ದರು. ಕುಳ್ಳರಿಂದ ಉದ್ದದವರವರೆಗೆ ಮಕ್ಕಳನ್ನು ತಮ್ಮ ಏರಿಕೆಗೆ ತಕ್ಕಂತೆ ನಿಲ್ಲಿಸಿ ಫೋಟೊ ತೆಗೆಸಿದರು. ಆಮೇಲೆ ಹುರುಪು ಬಂದು, ಶೇಕಡಾವಾರು ಲೆಕ್ಕವನ್ನು ತಾನೇ ಕಲಿಸುತ್ತೇನೆಂದು ನನ್ನ ಕೈಯಿಂದ ಚಾಕ್‌ಪೀಸ್ ತೆಗೆದುಕೊಂಡು ಗೋಡೆಯ ಕಡೆ ತಿರುಗಿದವರು ಹಾಗೆಯೇ ನಿಂತುಬಿಟ್ಟರು. ಬೋರ್ಡೆಲ್ಲಿ ಎಂದು ಕೇಳಿದ್ದಕ್ಕೆ ಮೊದಲ ಬೆಂಚಿನ ಕನ್ನಡಕದ ಹುಡುಗಿ ಎದ್ದು ನಿಂತು, “ಇದೆ ಸಾರ್, ಖರ್ಚಿನ ಹಿಂದೆ ಇದೆ” ಎಂದಳು.

ಪಾಪ, ಒಳ್ಳೆಯ ಮನುಷ್ಯ. ಅಲ್ಲೇ ಹೊಸ ಕಪ್ಪುಹಲಗೆ ಮಂಜೂರು ಮಾಡಿ, ಎರಡೇ ದಿನದಲ್ಲಿ ಕಳಿಸಿಯೂ ಕೊಟ್ಟರು. ಜೊತೆಗೆ ಒಂದು ಷರತ್ತು: ಅದು ತಮ್ಮನ್ನು ಮರೆಮಾಡಕೂಡದು. ಉಳಿದ ಗೋಡೆಗಳಲ್ಲಿ ಕಿಟಕಿ ಬಾಗಿಲುಗಳಿರುವುದರಿಂದ ಅದನ್ನು ವರಾಂಡದಲ್ಲಿ ಒರಗಿಸಿದ್ದೇವೆ, ಮಕ್ಕಳೂ ನಾನೂ ಅಲ್ಲೇ ನೆಲದ ಮೇಲೆ ಕೂತು ಪರೀಕ್ಷೆಗೆ ತಯಾರಾಗುತ್ತಿದ್ದೇವೆ. ಹನ್ನೊಂದು ಗಂಟೆಗೆ ಬಿಸಿಲು ಬೋರ್ಡಿನ ಮೇಲೆ ಬಿದ್ದು ಹಿಂದಿನ ಎರಡು ಸಾಲಿಗೆ ಏನೂ ಕಾಣುವುದಿಲ್ಲ, ನನಗೆ ಅಳು ಬರುತ್ತದೆ. ಬೆಂಚು, ಫ್ಯಾನು, ಕೊಠಡಿ ಎಲ್ಲವೂ ತಮಗೊಬ್ಬರಿಗೇ.

ಆದ್ದರಿಂದ ವಿನಂತಿ ಇಷ್ಟೇ. ತಮ್ಮ ಬಾಣದ ತುದಿ, ಮಳೆಗಾಲದಲ್ಲಿ ಸೋರುವ ನಮ್ಮ ಚಾವಣಿಯ ತೂತಿಗಿಂತ ಸರಿಯಾಗಿ ಒಂದು ಗೇಣು ಕೆಳಗಿದೆ. ಹೇಗೂ ಏರುವವರು, ಮಳೆಗೆ ಮುಂಚೆ ಅಷ್ಟು ಏರಿ ಅದನ್ನು ಮುಚ್ಚಿಕೊಡಿ. ಅದಾಗದಿದ್ದರೆ ಪರೀಕ್ಷೆ ಮುಗಿಯುವವರೆಗೆ ಕಿಟಕಿಯಲ್ಲಿ ಕೂತು ಗಾಳಿ ತೆಗೆದುಕೊಳ್ಳಿ. ಅದೂ ಆಗದಿದ್ದರೆ ಮೊಳೆ ಕೀಳಲು ತಾವೇ ಅನುಮತಿ ಬರೆದುಕೊಡಿ. ತಮ್ಮ ಸಹಿ ನೇರವಾಗಿ ಮೇಲಕ್ಕೇ ಹೋಗುವುದರಿಂದ ಯಾರೂ ಅನುಮಾನಿಸುವುದಿಲ್ಲ.

ವರಾಂಡದ ನೆಲದಿಂದ ಕತ್ತೆತ್ತಿ ತಮ್ಮನ್ನೇ ನೋಡುತ್ತಿರುವ,

ತಮ್ಮ ವಿಶ್ವಾಸಿ,
ಗಣಿತದ ಟೀಚರು

ಮರೆತ ಮಾತು: ನಿನ್ನೆ ಚೀಲ ತರಲು ಒಳಗೆ ಹೋದ ನಮ್ಮ ಮಕ್ಕಳಲ್ಲಿ ಯಾರೋ ತಮ್ಮ ತಂಗಿಯಾದ ಆ ನೀಲಿ ಗೆರೆಯನ್ನು ನೀಲಿ ಚಾಕ್‌ಪೀಸಿನಿಂದ ಮೇಲಕ್ಕೆ ಎಳೆದು, ತಮ್ಮನ್ನು ದಾಟಿಸಿ, ಚಾವಣಿಯ ತೂತಿನವರೆಗೂ ಮುಟ್ಟಿಸಿದ್ದಾರೆ. ಎತ್ತರ ನೋಡಿದರೆ ಬೆಂಚಿನ ಮೇಲೆ ಬೆಂಚಿಟ್ಟಿರಬೇಕು. ಇದನ್ನು ತಕ್ಷಣ ಅಳಿಸಬೇಕೆಂದು ಹೆಡ್‌ಮಾಸ್ಟರ ಅಪ್ಪಣೆಯಾಗಿದೆ. ಡಸ್ಟರಿಗೆ ಅರ್ಜಿ ಹಾಕಿದ್ದೇವೆ. ಮಂಜೂರಾಗಿ ಬಂದ ದಿನ ತಪ್ಪದೆ ಅಳಿಸುತ್ತೇವೆ.