ಎಂಟನೆಯವನು ಇನ್ನೂ ಎದ್ದಿಲ್ಲ

ಅಂದಿನ ಗೋಳಿಗೆಲ್ಲ ಕಾರಣ, ಖಂಡೆಪ್ಪ ಹೂಂ ಎಂದದ್ದು.

ಪೇಟೆಯ ಜಗತ್ ಸರ್ಕಲ್ ಬಳಿಯ ಬಾಳೆ ಬೆಳೆಗಾರರ ಸಂಘದಲ್ಲಿ ಅವನು ಜವಾನ. ಕಂಪ್ಯೂಟರಿನ ವಿದ್ಯಾವತಿ ಮಧ್ಯಾಹ್ನ ಹೊರಡುವಾಗ ಹೇಳಿದಳು: "ಕಾಕಾ, ಈ ಪ್ರೋಗ್ರಾಂ ಸದಸ್ಯರಿಗೆಲ್ಲಾ ಫೋನ್ ಹಚ್ಚಿ ನಾಳಿನ ಲಾರಿ ಸುದ್ದಿ ಹೇಳ್ತದ. ಹಿಂದ ಎಂಟು ಮಂದಿ ಕೆಲಸ ಮಾಡಾಕತ್ತಾರ ಅಂತ ತಿಳ್ಕೋರಿ. ಮುಂದ ಕುಂತ ಯಜಮಾನ, ಅಂದ್ರ ಈ ಮುಖ್ಯ ಪ್ರೋಗ್ರಾಂ, ಎದ್ದ ಅಂದ್ರ ಎಲ್ಲಾರೂ ಅರ್ಧಕ್ಕ ಸಾಯ್ತಾರ. ಪರದಿ ಮ್ಯಾಲಿನ ಬಾಕಿ ಸೊನ್ನಿ ಆಗೋತನ ಬಂದ್ ಮಾಡಗೊಡಬ್ಯಾಡ್ರಿ."

"ಆಗ್ಲವ್ವಾ. ಪಂಕ್ತಿಯೊಳಗ ಕಡೀದವ ಉಣ್ಣೋತನ ಹಿರ್ಯಾ ಏಳಬಾರ್ದು, ಹಂಗ."

ಸಂಜೆ ಆರಕ್ಕೆ ತನ್ನೂರು ಕಮಲಾಪುರದಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ತೊಟ್ಟಿಲ ಸರಪಳಿ ಖಂಡೆಪ್ಪನ ಚೀಲದಲ್ಲೇ ಇತ್ತು. ನಾಲ್ಕೂವರೆಯ ಬಸ್ಸು ಸಾಕು ಎಂದುಕೊಂಡ. ಕಂಪ್ಯೂಟರಿನ ಒಳಗಿನ ಎಂಟು ಮಂದಿಗೆ ಗದ್ದಲವಾಗಬಾರದೆಂದು ತನ್ನ ಫೋನ್ ಬಂದ್ ಮಾಡಿ, ಚಪ್ಪಲಿ ಬಿಟ್ಟು ಕೂತ.

ಪರದೆಯ ಮೇಲೆ ಹೆಸರುಗಳು ತೊಗರಿ ಸುರಿದಂತೆ ಸುರಿದವು. ಚಿಕ್ಕವನಿದ್ದಾಗ ಕೋಟೆಯ ಮಸೀದಿಯ ಕಮಾನುಗಳ ಕೆಳಗೆ ನಿಂತು ಹೀಗೇ ಬಾಯಿ ತೆರೆದಿದ್ದ. ಮುಖ ಕಾಣದ ಎಂಟು ಮಂದಿ! ಬೀಡಿ ಕೇಳಲಿಲ್ಲ, ಚಹಾ ಕೇಳಲಿಲ್ಲ.

ಮೂರಕ್ಕೆ ಪರದೆ ಹೇಳಿತು: ಮುಖ್ಯ ಕೆಲಸ ಮುಗಿಯಿತು. ಬಾಕಿ: 8.

"ಮುಗೀತಲ್ರೀ, ಬಂದ್ ಮಾಡ್ರಿ," ಎಂದು ಗುಮಾಸ್ತೆ ಸುನಂದಾ ಸ್ವಿಚ್ಚಿಗೆ ಕೈ ಚಾಚಿದಳು.

"ಯಜಮಾನಂದು ಮುಗಿದದ ಬಾಯಾರ, ಪಂಕ್ತಿ ಮುಗಿದಿಲ್ಲ!" ಖಂಡೆಪ್ಪ ಹಲ್ಲಿಯಂತೆ ಗೋಡೆಗೆ ಅಂಟಿ ಸ್ವಿಚ್ಚು ಮುಚ್ಚಿದ.

ಪಕ್ಕದ ದರ್ಜಿ ಲಾಲ್ ಅಹ್ಮದ್ ಇಣುಕಿದ. "ಅರೇ, ಡಬ್ಬಿಗಿ ಪಹರೆ ಏನೋ? ನಿನ್ನ ಬಸ್ ತಪ್ಪೀತು ನೋಡು!"

ಏಳು, ಆರು, ಐದು... ಗಂಟೆ ನಾಲ್ಕಾಗುವ ಹೊತ್ತಿಗೆ ಬಾಕಿ ಒಂದು. ಅಲ್ಲೇ ನಿಂತಿತು. ನಾಲ್ಕೂವರೆಯ ಬಸ್ಸು ಹೋಯಿತು, ಐದೂವರೆಯದೂ ಹೋಯಿತು.

"ಏಳೋ ತಮ್ಮಾ, ಉಂಡದ್ದು ಸಾಕು," ಎಂದು ಖಂಡೆಪ್ಪ ಪರದೆಗೆ ಕೈಮುಗಿದ.

ಆರು ದಾಟಿದ ಮೇಲೆ ವಿದ್ಯಾವತಿ ಮರಳಿ ಬಂದಳು. "ಅಯ್ಯ ಕಾಕಾ, ಇನ್ನೂ ಇಲ್ಲೇ? ಯಾರದೋ ಫೋನ್ ಬಂದ್ ಅದ. ಅವ್ರು ಎತ್ತೋತನ ಈ ಎಂಟನೇದವ ಬಿಡಾಂಗಿಲ್ಲ." ಹೆಸರು ತೆಗೆದು ನೋಡಿದಳು. ಖಂಡೆಪ್ಪ, ಕಮಲಾಪುರ.

ಹಿತ್ತಲಿನ ನಾಲ್ಕು ಕೆಂಪು ಬಾಳೆಗಿಡಗಳ ದೆಸೆಯಿಂದ ತಾನೂ ಸದಸ್ಯನೆಂಬುದು ಅವನಿಗೆ ಆಗ ನೆನಪಾಯಿತು. ತನ್ನ ಫೋನ್ ಚಾಲೂ ಮಾಡಿದ. ಒಡನೆ ರಿಂಗಾಯಿತು. ನಯವಾದ ದನಿಯೊಂದು ಲಾರಿಯ ಸುದ್ದಿ ಹೇಳಿತು. ಬಾಕಿ: 0.

"ಎರಡು ತಾಸು ಬಿಡದಂಗ ನನ್ನೇ ಹುಡುಕ್ಯಾನಲ್ಲವ್ವಾ!" ಖಂಡೆಪ್ಪನ ಕಣ್ಣು ಒದ್ದೆಯಾದವು.

ಫೋನ್ ಮತ್ತೆ ರಿಂಗಾಯಿತು. ಈ ಸಲ ಹೆಂಡತಿ ಶಂಕ್ರಮ್ಮ.

"ಎಲ್ಲಿ ಸತ್ತೀರಿ? ತೊಟ್ಟಿಲಿಗಿ ಸರಪಳಿ ಇಲ್ಲಂತ ಕೂಸು ನಿಮ್ಮ ಧೋತರ ಕಟ್ಟಿದ ಜೋಳಗ್ಯಾಗ ಮಲಗ್ಯಾಳ. ಹಿರ್ಯಾ ಬರೋತನ ಎಲಿಗಿ ಕೈ ಹಚ್ಚಂಗಿಲ್ಲ ಅಂತ ಅರವತ್ತು ಮಂದಿ ಹಸದು ಕುಂತಾರ!"