ಬುದ್ಧಿಹಲ್ಲು, ಮಾವಿನ ಹೊಗೆ ಮತ್ತು ನಮ್ಮತ್ತೆ

ಏಳು ದಿನ ವೇಪ್ ಎಂಬ ಬ್ಯಾಟರಿ ಸಿಗರೇಟು ಮುಟ್ಟುವುದಿಲ್ಲವೆಂದು ನಾನು ದಂತವೈದ್ಯೆ ಡಾಕ್ಟರ್ ಯಾಪ್ ಅವರೆದುರು ಬಲಗೈ ಎತ್ತಿ ಭೀಷ್ಮಪ್ರತಿಜ್ಞೆ ಮಾಡಿದೆ. ಬಾಯಿ ತುಂಬ ಹತ್ತಿ ಇದ್ದುದರಿಂದ ಅದು "ಏವು ಇನ ಏಪ್ ಉಟ್ಟಲ್ಲ" ಎಂದು ಹೊರಬಿತ್ತು. ಪ್ರತಿಜ್ಞೆಗೆ ಉಚ್ಚಾರಣೆ ಮುಖ್ಯವಲ್ಲ, ಛಲ ಮುಖ್ಯ!

ಬುದ್ಧಿಹಲ್ಲು ಕಿತ್ತ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಳದಂತೆ ಕೂತಿರುತ್ತದಂತೆ. ಜೋರಾಗಿ ದಮ್ಮು ಎಳೆದರೆ ಮುಚ್ಚಳ ಕಿತ್ತುಬಂದು ಮೂಳೆ ಬೆತ್ತಲಾಗುತ್ತದಂತೆ. ಆಮೇಲಿನ ನೋವನ್ನು ಡಾಕ್ಟರು ವರ್ಣಿಸಲಿಲ್ಲ, ಕಣ್ಣು ಮುಚ್ಚಿ ತಲೆಯಾಡಿಸಿದರು ಅಷ್ಟೆ.

ಮನೆಗೆ ಬಂದೊಡನೆ ಹೆಂಡತಿ ಸಲ್ಬಿಯಾ ಕೈಚಾಚಿ ವೇಪ್ ಕೇಳಿದಳು. ಶತ್ರುವನ್ನು ಜೇಬಿನಲ್ಲೇ ಇಟ್ಟುಕೊಂಡು ಗೆಲ್ಲುವವನೇ ಗಂಡಸು ಎಂದು ಬರೆದು ತೋರಿಸಿದೆ. ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ನಮ್ಮತ್ತೆ ಜೆನಾಬ್ ಅದನ್ನು ಓದಿಸಿಕೊಂಡು ಕೇಳಿ ನಕ್ಕರು.

"ಅಳಿಯಂದ್ರೇ, ಏಳು ದಿನ ನೀವು ಅದನ್ನ ಬಿಡಿ, ನಾನು ಇದನ್ನ ಬಿಡ್ತೀನಿ. ಮೊದಲು ಮುರಿದೋರು ಜನ್ಮಪೂರ್ತಿ ಬಿಡಬೇಕು. ಆಗುತ್ತಾ?"

ಐವತ್ತು ವರ್ಷದಿಂದ ತಾಂಬೂಲ ಬಿಟ್ಟಿರದ ಬಾಯಿ ಅದು. ಗೆಲುವು ನನ್ನ ಜೇಬಿನಲ್ಲೇ ಇದೆ ಎನಿಸಿತು. ತಲೆಯಾಡಿಸಿದೆ.

ಮೂರು ದಿನ ನಾನು ಆಡಳಿತ ನಡೆಸಿದೆ ಎಂದೇ ಹೇಳಬೇಕು. ಒಂದು ಕೆನ್ನೆ ಊದಿಕೊಂಡು, ತಣ್ಣನೆ ಅಕ್ಕಿಗಂಜಿ ಕುಡಿಯುತ್ತ, ತೈಪಿಂಗ್ ಊರಿನ ಬಂಧುಬಳಗಕ್ಕೆಲ್ಲ ನನ್ನ ಸಂಯಮದ ವರದಿಯನ್ನು ಫೋನಿನಲ್ಲಿ ಕಳಿಸಿದೆ. ನಾಲ್ಕನೆಯ ದಿನ ಮಧ್ಯಾಹ್ನ ಜೇಬಿನೊಳಗಿನ ಶತ್ರು ಕೂಗಿ ಕರೆಯತೊಡಗಿದ.

ನಾನು ಎ.ಸಿ. ರಿಪೇರಿಯವನು. ಗಾಳಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ. ಡಾಕ್ಟರು ಬೇಡವೆಂದದ್ದು ಎಳೆಯುವುದನ್ನು. ಎಳೆಯದೆಯೇ ಹೊಗೆ ಒಳಗೆ ಬಂದರೆ? ಮೀನಿನ ತೊಟ್ಟಿಗೆ ಗಾಳಿ ಊದುವ ಪುಟ್ಟ ಪಂಪನ್ನು ಬಿಚ್ಚಿದೆ. ಅದು ಗಾಳಿ ಎಳೆದುಕೊಳ್ಳುವ ಕಡೆಗೆ ವೇಪ್, ಊದುವ ಕಡೆಗೆ ಪ್ಲಾಸ್ಟಿಕ್ ಕೊಳವೆ, ಕೊಳವೆಯ ತುದಿಗೆ ನನ್ನ ಬಾಯಿ. ಬಚ್ಚಲಮನೆಗೆ ಹೋಗಿ ಚಿಲಕ ಹಾಕಿ ಸ್ವಿಚ್ ಒತ್ತಿದೆ.

ಮಾವಿನ ಹಣ್ಣಿನ ಪರಿಮಳದ ಮೋಡ ತಾನಾಗಿ ಬಾಯಿಗೆ ಇಳಿಯಿತು. ಆ ಗಳಿಗೆಯಲ್ಲಿ ನನ್ನನ್ನು ಯಾರಾದರೂ ಸನ್ಮಾನಿಸಿದ್ದರೆ ಬೇಡವೆನ್ನುತ್ತಿರಲಿಲ್ಲ.

ಆದರೆ ಮೀನಿಗೆ ಮಾಡಿದ ಪಂಪಿಗೆ ಮನುಷ್ಯ ಯಾವಾಗ ಉಸಿರು ಬಿಡುತ್ತಾನೆಂಬುದು ಗೊತ್ತಿಲ್ಲ. ಅದು ಊದಿತು, ಮತ್ತೆ ಊದಿತು, ನಿಲ್ಲಲೇ ಇಲ್ಲ. ಕೆಮ್ಮು ಒತ್ತರಿಸಿ ಬಂತು. ಆ ಕೆಮ್ಮಿಗೆ ಮುಚ್ಚಳ ಹಾರಿತು. ಕಿವಿಯಿಂದ ಗಲ್ಲದವರೆಗೆ ಯಾರೋ ಕಾದ ಕಂಬಿ ಎಳೆದಂತಾಯಿತು. ಕೊಳವೆ ಕಳಚಿ ಹೊಗೆಯೆಲ್ಲ ಬಾಗಿಲ ಸಂದಿಯಿಂದ ಹೊರಗೆ ನುಗ್ಗಿತು.

ಹೊಗೆ ಕಂಡ ಅತ್ತೆ ವೈರಿಂಗ್ ಸುಡುತ್ತಿದೆ ಎಂದುಕೊಂಡರಂತೆ. ಮೊದಲು ಮೇನ್ ಸ್ವಿಚ್ ಆರಿಸಿದರು. ನಾನು ಚಿಲಕ ತೆಗೆದದ್ದೇ ತಡ, ಒಂದು ಬಕೆಟ್ ನೀರು ಎದೆಗೆ ಅಪ್ಪಳಿಸಿತು. ಕೈಯಲ್ಲಿ ಕೊಳವೆ ಹಿಡಿದು ನೀರು ಸೋರಿಸುತ್ತ ನಿಂತೆ. ಅತ್ತೆ ಮೂಗರಳಿಸಿದರು.

"ಸಲ್ಬಿಯಾ, ಬಾರೇ. ನಿನ್ನ ಗಂಡ ಸೋತ," ಎಂದು ಬಾಯಿ ತುಂಬ ನಕ್ಕರು.

ಆ ನಗುವೇ ನನ್ನ ಭಾಗ್ಯ. ಅವರ ನಾಲಿಗೆ ಕೆಂಪಗಿತ್ತು! ಹಲ್ಲಿನ ನೋವಿನಲ್ಲೂ ಬೆರಳು ತೋರಿಸಿದೆ. ಓಡಿಬಂದ ಸಲ್ಬಿಯಾ ಒಮ್ಮೆ ನನ್ನ ಕೊಳವೆ ನೋಡಿದಳು, ಒಮ್ಮೆ ತಾಯಿಯ ನಾಲಿಗೆ ನೋಡಿದಳು.

"ಅಮ್ಮಾ, ಯಾವತ್ತಿಂದ?"

ಅತ್ತೆ ಸುಳ್ಳು ಹೇಳುವವರಲ್ಲ. "ಮೊದಲನೇ ದಿನ ಸಾಯಂಕಾಲದಿಂದ," ಎಂದರು.

ನಾನು ಗೆದ್ದಿದ್ದೆ! ಹತ್ತಿರ ಹತ್ತಿರ ಮೂರು ದಿನಗಳ ಅಂತರದಿಂದ. ಡಾಕ್ಟರ್ ಯಾಪ್ ಬಳಿಗೆ ವಿಜೇತನಂತೆಯೇ ಹೋದೆ, ದವಡೆ ಹಿಡಿದುಕೊಂಡು. ಅವರು ಪಂಪಿನ ಕಥೆ ಕೇಳಿ, ನರ್ಸನ್ನು ಕರೆದು ಇನ್ನೊಮ್ಮೆ ಹೇಳಿಸಿ, ಆಮೇಲೆ ಕುಳಿಗೆ ಲವಂಗದೆಣ್ಣೆಯ ಔಷಧಿ ತುಂಬಿದರು.

ಮೂರು ವಾರಕ್ಕೆ ಗಾಯ ಮಾಗಿತು. ವಿಜಯದ ಮೊದಲ ದಮ್ಮು ಎಳೆಯಲು ಜಗಲಿಗೆ ಹೋಗಿ ಕಾಲಮೇಲೆ ಕಾಲು ಹಾಕಿ ಕೂತೆ. ಅತ್ತೆ ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. ಸಿಕ್ಕಿಬಿದ್ದ ಅವತ್ತಿನಿಂದ ಅವರು ಒಂದೆಲೆಯನ್ನೂ ಮುಟ್ಟಿರಲಿಲ್ಲ. ಬರಿಬಾಯಲ್ಲಿ ದವಡೆ ಮಾತ್ರ ಅಭ್ಯಾಸಬಲದಿಂದ ಆಡುತ್ತಿತ್ತು.

"ಎಳೀರಿ ಅಳಿಯಂದ್ರೇ. ಸೋತೋಳು ನಾನು, ಬಿಟ್ಟೆ. ಗೆದ್ದೋರು ನೀವು, ನಿಮಗೇನು ಅಡ್ಡಿ?"

ತುಟಿಯ ಹತ್ತಿರ ತಂದೆ. ಅವರು ಆ ಖಾಲಿ ದವಡೆ ಆಡಿಸುತ್ತ ನೋಡುತ್ತಲೇ ಇದ್ದರು. ಕಾಲು ಗಂಟೆ ಕೂತೆ, ಎಳೆಯಲಾಗಲಿಲ್ಲ. ಎದ್ದು ಒಳಗೆ ಹೋಗಿ ವೇಪನ್ನು ಸಲ್ಬಿಯಾಳ ಕೈಗೆ ಹಾಕಿದೆ.

ಅವಳು ಅದನ್ನು ಕಸದ ಬುಟ್ಟಿಗೆ ಬಿಟ್ಟು ನಿಟ್ಟುಸಿರಿಟ್ಟಳು.

"ಒಂದು ಹಲ್ಲಿಗೇ ಇಷ್ಟು ಬುದ್ಧಿ ಬರುತ್ತೆ ಅಂತ ಗೊತ್ತಿದ್ರೆ, ಮದುವೆ ದಿನಾನೇ ಮೂವತ್ತೆರಡೂ ಕೀಳಿಸ್ತಿದ್ದೆ ಕಣ್ರೀ."