ಮುಳ್ಳಯ್ಯನಗಿರಿಗೆ ನಾನು ಹೂಂ ಅಂದದ್ದು

ಬಾಯಿ ಹಿಡಿತದಲ್ಲಿಲ್ಲದವನಿಗೆ ಇಂಥವು ನಡೆಯುತ್ತಲೇ ಇರುತ್ತವೆ. ನಾನು "ಇಲ್ಲ" ಅನ್ನಬೇಕೆಂದು ಯೋಚಿಸುವುದರೊಳಗೆ ನನ್ನ "ಹೂಂ" ಹೊರಟು ಊರೆಲ್ಲ ಸುತ್ತಿ ಬಂದಿರುತ್ತದೆ. ತಿಪಟೂರು ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ, ಜೊತೆಗೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಕೆಲಸ. ಈ ಸಲ ಹೂಂ ಅಂದದ್ದು ಮುಳ್ಳಯ್ಯನಗಿರಿ ಹತ್ತುವುದಕ್ಕೆ. ಕಷ್ಟ ಏನೆಂದರೆ, ಎತ್ತರ ಅಂದರೆ ನನಗೆ ಜೀವ ಬಾಯಿಗೆ ಬರುತ್ತದೆ. ಯಾವ ಕಡೆ ತಿರುಗಿದರೂ ತೆಂಗಿನಮರ ಕಾಣುವ ಊರಿನಲ್ಲಿ ಹುಟ್ಟಿದ ಗಂಡಸು ಇದನ್ನು ಯಾರ ಮುಂದೆ ಹೇಳಿಕೊಳ್ಳಬೇಕು? ಹೆಂಡತಿಗೂ ಹೇಳಿರಲಿಲ್ಲ. ಹೇಳದೆಯೇ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೆ, ಇನ್ನು ಮುಂದೆಯೂ ಹಾಗೇ ಮಾಡಬೇಕೆಂದಿದ್ದೆ.

ಎಷ್ಟು ಮರ?

ಮಾತು ಎತ್ತಿದವರು ಹೈಸ್ಕೂಲಿನ ಪಿ.ಟಿ. ಮಾಸ್ಟ್ರು. ಜೆರಾಕ್ಸ್ ಮಾಡಿಸಲು ಬಂದವರು, "ಒಂದ್ಸಲ ಮುಳ್ಳಯ್ಯನಗಿರಿ ಹತ್ತಿ ಬರೋಣ ಕಣ್ರೀ" ಅಂದರು. ಊಟದ ಡಬ್ಬಿ ತಂದಿದ್ದ ನನ್ನ ಹೆಂಡತಿಯ ಮುಖ ಅರಳಿತು. ಅದನ್ನು ನೋಡಿ ಹೂಂ ಅಂದುಬಿಟ್ಟೆ.

ನಮ್ಮ ತೋಟದ ಕಾಯಿ ಕೀಳುವವನೂ ಅಲ್ಲೇ ಇದ್ದ. ನೊಣವಿನಕೆರೆ ಕಡೆಯವನು. ಏನೋ ಅರ್ಜಿ ಹಾಕಿಸಲು ಬಂದಿದ್ದ.

"ಎಷ್ಟು ಮರ ಎತ್ತರ ಆಯ್ತದೆ ಸಾ?" ಅಂತ ಕೇಳಿದ.

ಮಾಸ್ಟ್ರು ಫೋನಿನಲ್ಲಿ ಮೀಟರು ನೋಡಿ, ಭಾಗಿಸಿ, "ಸಮುದ್ರದಿಂದ ಲೆಕ್ಕ ಹಾಕಿದ್ರೆ, ಒಂದರ ಮೇಲೊಂದು ನಿಲ್ಲಿಸಿದಂಗೆ ನೂರು ಮರ" ಅಂದರು. ನಾನು ಹಿಂದಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವನು ಮಾತ್ರ ಹಲ್ಲುಜ್ಜಿದಷ್ಟು ಸಲೀಸಾಗಿ, "ನೂರೇನಾ? ನಾನು ದಿನಕ್ಕೆ ಐವತ್ತು ಹತ್ತೀನಿ. ಎರಡು ದಿನದ ಕೆಲಸ ಬುಡಿ, ನಾನೂ ಬತ್ತೀನಿ" ಅಂದ.

ಸರ್ಟಿಫಿಕೇಟು

ಹೆಂಡತಿ ಅವತ್ತೇ ಶೂ ಕೊಂಡಳು. ನಾನು ಅವತ್ತೇ ನಮ್ಮ ಬೀದಿಯ ಡಾಕ್ಟರ ಹತ್ತಿರ ಓಡಿದೆ. "ಹತ್ತುವಾಗ ಎದೆ ಡವಡವ ಅನ್ನುತ್ತೆ ಡಾಕ್ಟ್ರೇ" ಅಂದೆ. ಅದರಲ್ಲಿ ಸುಳ್ಳಿಲ್ಲ, ಯಾವ ಕಾರಣಕ್ಕೆ ಅಂತ ಹೇಳಲಿಲ್ಲ ಅಷ್ಟೇ. ಬೆಟ್ಟ ಹತ್ತಬಾರದು ಅಂತ ಒಂದು ಚೀಟಿ ಬರೆದುಕೊಟ್ಟರೆ ಸಾಕಾಗಿತ್ತು, ಅದನ್ನು ನೂರು ಕಾಪಿ ಜೆರಾಕ್ಸ್ ತೆಗೆದು ಹಂಚುತ್ತಿದ್ದೆ.

ಅವರು ಬಿ.ಪಿ. ನೋಡಿದರು, ಇ.ಸಿ.ಜಿ. ತೆಗೆದರು, ಮಂಡಿ ತಟ್ಟಿದರು. ನಾನು ಆಸೆಯಿಂದ ಅವರ ಮುಖವನ್ನೇ ನೋಡುತ್ತಿದ್ದೆ.

"ಹಾರ್ಟು ಕಲ್ಲಿದ್ದಂಗಿದೆ ಕಣ್ರೀ! ಯಾವ ಬೆಟ್ಟ?"

"ಮುಳ್ಳಯ್ಯನಗಿರಿ."

"ಹೌದಾ? ನನ್ನೂ ಸೇರಿಸ್ಕೊಳ್ಳಿ!"

ನಾಲ್ಕು ಜನರಲ್ಲಿ ಒಬ್ಬನನ್ನು ಕಮ್ಮಿ ಮಾಡಲು ಹೋದವನು ಐದು ಜನ ಮಾಡಿಕೊಂಡು ಬಂದೆ.

ಓಟಿಪಿ

ಬೆಟ್ಟಕ್ಕೆ ಹೋಗುವ ಮೊದಲು ಪ್ರವೇಶಕ್ಕೆ ಆನ್‌ಲೈನಿನಲ್ಲಿ ಬುಕ್ ಮಾಡಬೇಕೆಂದು ಗೊತ್ತಾದಾಗ ಹೋದ ಜೀವ ಬಂತು. ಕೀಬೋರ್ಡು ನನ್ನ ಕೈಯಲ್ಲಿತ್ತಲ್ಲ! ಮೂರು ದಿನ ಬುಕ್ ಮಾಡುತ್ತಲೇ ಇದ್ದೆ. ಒಂದು ದಿನ ಕರೆಂಟು ಇಲ್ಲ ಅಂದೆ, ಇನ್ನೊಂದು ದಿನ ನೆಟ್‌ವರ್ಕ್ ಇಲ್ಲ ಅಂದೆ, ಮತ್ತೊಂದು ದಿನ ಹೆಸರಿನ ಒಂದೊಂದು ಅಕ್ಷರಕ್ಕೂ ಒಂದೊಂದು ಸಲ ಕನ್ನಡಕ ಒರೆಸಿದೆ.

"ಊರಿನೋರ ಅರ್ಜಿ ಎಲ್ಲ ಐದು ನಿಮಿಷಕ್ಕೆ ಹಾಕ್ತೀರ, ನಮ್ದಕ್ಕೇನು ಬಂತು?" ಅಂದಳು ಹೆಂಡತಿ.

ತಾಳ್ಮೆ ಕೆಟ್ಟ ಮಾಸ್ಟ್ರು ಅಂಗಡಿ ಮುಂದೆ ನಿಂತು ತಮ್ಮ ಫೋನಿನಲ್ಲೇ ಎಲ್ಲ ತುಂಬಿದರು. ಆದರೆ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೆಂದು ನಂಬರು ಮಾತ್ರ ನನ್ನದು ಕೊಟ್ಟಿದ್ದರು. ಟಣ್ ಅಂತ ನನ್ನ ಫೋನಿಗೆ ಓಟಿಪಿ ಬಂತು.

"ಹೇಳಿ" ಅಂದರು ಮಾಸ್ಟ್ರು.

ನಾನು ಫೋನನ್ನು ಎದೆಗೆ ಅವಚಿಕೊಂಡು, "ಓಟಿಪಿ ಯಾರಿಗೂ ಹೇಳಬಾರದು ಅಂತ ದಿನಾ ಮೆಸೇಜ್ ಬರುತ್ತೆ ಮಾಸ್ಟ್ರೇ" ಅಂದೆ. ಹೆಂಡತಿ ಫೋನು ಕಿತ್ತುಕೊಂಡು, ಕ್ಯೂನಲ್ಲಿದ್ದವರಿಗೆಲ್ಲ ಕೇಳುವಂತೆ ಓದಿ ಹೇಳಿದಳು.

ಎಳನೀರು

ಏನೇನು ಒಯ್ಯಬೇಕೆಂದು ಪಟ್ಟಿ ಮಾಡಲು ಎಲ್ಲರೂ ಸೇರಿದೆವು. ಮಾಸ್ಟ್ರು ತಲೆಗೆ ಎರಡು ಬಾಟ್ಲಿ ನೀರು ಅಂದದ್ದಕ್ಕೆ ಕಾಯಿ ಕೀಳುವವನಿಗೆ ಅವಮಾನವಾಯಿತು. "ಬಾಟ್ಲಿ ನೀರ್ಯಾಕೆ ಸಾ? ನಾನಿಲ್ವಾ? ಬಾಯಾರಿಕೆ ಆದಲ್ಲಿ ಹೇಳಿ, ಅಲ್ಲೇ ಮರ ಹತ್ತಿ ಎಳನೀರು ಕೆಡವ್ತೀನಿ."

"ಅಲ್ಲಿ ತೆಂಗಿನಮರ ಇಲ್ಲ ಕಣಯ್ಯಾ. ಮೇಲೆಲ್ಲ ಬರೀ ಹುಲ್ಲು" ಅಂದರು ಮಾಸ್ಟ್ರು.

ಅವನು ತಮಾಷೆ ಅಂದುಕೊಂಡು ನಕ್ಕ. ಯಾರೂ ನಗಲಿಲ್ಲ. ಆಮೇಲೆ ನಮ್ಮೆಲ್ಲರನ್ನೂ ಕನಿಕರದಿಂದ ನೋಡಿ ಕೇಳಿದ: "ಒಂದು ಮರಾನೂ ಇಲ್ದಿದ್ ಜಾಗಕ್ಕೆ ಯಾಕ್ ಸಾ ಹೋಗ್ಬೇಕು?"

ಇಷ್ಟು ದಿನದಲ್ಲಿ ಯಾರಾದರೂ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ. ಅವನನ್ನು ತಬ್ಬಿಕೊಳ್ಳೋಣ ಅನ್ನಿಸಿತು.

ರಿಹರ್ಸಲ್ಲು

ಆದರೆ ನನ್ನನ್ನು ಸಿಕ್ಕಿಸಿದವನೂ ಅವನೇ. ಹೊರಡುವುದಕ್ಕೆ ಒಂದು ವಾರ ಇದ್ದಾಗ, "ಎತ್ತರ ಒಗ್ಗಬೇಕು ಅಂದ್ರೆ ಎಲ್ರೂ ಒಂದ್ಸಲ ಮರ ಹತ್ತಿ ನೋಡಿ" ಅಂದ. ಭಾನುವಾರ ನಮ್ಮ ತೋಟಕ್ಕೇ ಮರ ಹತ್ತುವ ಮಿಷನ್ ತಂದ. ಮರಕ್ಕೆ ತಂತಿ ಸುತ್ತಿ, ಎರಡು ಕಾಲಿಗೂ ಒಂದೊಂದು ಮೆಟ್ಟು ಇರುವಂಥದ್ದು. ಒಂದು ಕಾಲನ್ನು ಮೆಟ್ಟಿನ ಸಮೇತ ಮೇಲಕ್ಕೆತ್ತಿ ಊರಬೇಕು, ಆಮೇಲೆ ಇನ್ನೊಂದು.

ಮಾಸ್ಟ್ರು ಹತ್ತಡಿ ಹತ್ತಿ ಇಳಿದರು. ಹೆಂಡತಿ ಸೆರಗು ಸಿಕ್ಕಿಸಿ ಸರಸರ ಹತ್ತಿ, ಮೇಲಿಂದ ಪಕ್ಕದ ತೋಟದವರನ್ನೂ ಮಾತಾಡಿಸಿ ಇಳಿದಳು. ಡಾಕ್ಟರು ನನಗೆ ದಾರಿ ಬಿಟ್ಟು, "ನೀವು ಮೊದಲು" ಅಂದರು.

ಓಡಿಹೋಗೋಣ ಅನ್ನಿಸಿತು. ಓಡಿಹೋದರೆ ಈ ಊರಿನಲ್ಲಿ ಮತ್ತೆ ತಲೆಯೆತ್ತಿ ಓಡಾಡುವುದು ಹೇಗೆ? ಬೆಲ್ಟು ಕಟ್ಟಿಸಿಕೊಂಡೆ. ಮರ ತಬ್ಬಿದೆ. ಕಣ್ಣು ಮುಚ್ಚಿದೆ. ಎಡಗಾಲು ಎತ್ತಿದೆ, ಬಲಗಾಲು ಎತ್ತಿದೆ, ಎಡ, ಬಲ, ಎಡ, ಬಲ. ಗಾಳಿ ಬೀಸಿತು. ಗರಿ ಕಿವಿಯ ಹತ್ತಿರವೇ ಅಲ್ಲಾಡಿದಂತಾಯಿತು. ಮರ ವಾಲುತ್ತಿದೆ ಅನ್ನಿಸಿದ್ದೇ, ಅಷ್ಟು ವರ್ಷ ಮುಚ್ಚಿಟ್ಟದ್ದೆಲ್ಲ ಒಂದೇ ಸಲಕ್ಕೆ ಹೊರಗೆ ಬಂತು.

"ನನ್ ಕೈಲಾಗಲ್ಲ! ನಂಗೆ ಎತ್ತರ ಅಂದ್ರೆ ಭಯ! ಮೊದಲಿಂದ್ಲೂ ಭಯ! ಬೆಟ್ಟಕ್ಕೆ ನಾನು ಬರಲ್ಲ ಕಣೇ!"

"ಗೊತ್ತು ಕಣ್ರೀ" ಅಂದಳು ಹೆಂಡತಿ. "ಮದುವೆ ಆದ ತಿಂಗಳಲ್ಲೇ ಗೊತ್ತಾಯ್ತು. ಇವರು ಯಾವತ್ತು ಬಾಯಿ ಬಿಟ್ಟು ಹೇಳ್ತಾರೋ ಅಂತ ಕಾಯ್ತಿದ್ದೆ. ಈಗ ಹೇಳಿದ್ರಲ್ಲ, ಸಾಕು. ಬೆಟ್ಟದಲ್ಲಿ ಕೈ ಹಿಡ್ಕೊಂಡೇ ಇರ್ತೀನಿ. ಎಲ್ಲಿ ಆಗಲ್ಲ ಅಂತೀರೋ ಅಲ್ಲೇ ಕೂತು ಬುತ್ತಿ ಬಿಚ್ಚೋಣ."

ಅಳುವೇ ಬಂತು. ಎಷ್ಟೋ ವರ್ಷದ ಭಾರ ಇಳಿದಂತಾಯಿತು. ಆದರೆ ಆ ದನಿ ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ಪಾಪ, ನನಗೋಸ್ಕರ ಪಕ್ಕದ ಮರ ಹತ್ತಿ ಬಂದಿದ್ದಾಳೆ ಅಂದುಕೊಂಡು ಇನ್ನಷ್ಟು ಗಾಬರಿಯಾದೆ.

"ನೀನು ಹುಷಾರು ಕಣೇ, ಬಿದ್ದೀಯಾ!" ಅಂತ ಕೂಗಿ, ಕಾಯಿ ಕೀಳುವವನನ್ನು ಕರೆದೆ. "ಏನಾದ್ರೂ ಮಾಡಿ ಇಬ್ರನ್ನೂ ಕೆಳಗಿಳಿಸಪ್ಪಾ!"

"ಅಕ್ಕಾವ್ರು ಕೆಳಗೇ ಅವ್ರೆ ಸಾ" ಅಂದ ಅವನು. "ನೀವು ಕಣ್ ಬುಡಿ. ಆವಾಗಿಂದ ಎತ್ತಿದ ಕಾಲು ಅಲ್ಲೇ ಇಳಿಸ್ತಾ ಇದ್ದೀರ, ಮರ ಇನ್ನೂ ಸುರುನೇ ಆಗಿಲ್ಲ."